ಹಾಯಿಕಂಬದ ನಾಲ್ಕು ತಂತಿಗಳು

ಬೆಟ್ಟಗಳಿಗೆ ಇನ್ನೂ ಮಾತು ಬರುತ್ತಿದ್ದ ಕಾಲ. ಆಗ ಮುಗಿಲನಾಡು ಅಂತ ಒಂದು ರಾಜ್ಯವಿತ್ತು. ಅದರ ರಾಜಕುಮಾರ ಹೇಮಾಂಗ. ಅವನಿಗೆ ಒಬ್ಬಳೇ ತಂಗಿ, ಕುಮುದಿನಿ. ಸುಂಟರ ಎಂಬ ಗಾಳಿಯ ಮಾಂತ್ರಿಕ ಆ ಹುಡುಗಿಯನ್ನು ಹೊತ್ತೊಯ್ದು, ದೂರದ ಬೆಟ್ಟದ ಮೂರು ಕೆರೆಗಳಲ್ಲಿ ಕೊನೆಯದರ ದ್ವೀಪದಲ್ಲಿ ಕಲ್ಲಾಗಿಸಿ ನಿಲ್ಲಿಸಿದ್ದ. ವೈಶಾಖದ ಹುಣ್ಣಿಮೆಯ ದಿನ ಹೊತ್ತು ಮುಳುಗುವುದರೊಳಗೆ ಒಡಹುಟ್ಟಿದವರು ಹೋಗಿ ಮುಟ್ಟಿದರೆ ಸರಿ. ಇಲ್ಲವೆಂದರೆ ಅವಳು ಎಂದೆಂದಿಗೂ ಕಲ್ಲೇ.

ಮೂರು ಕೆರೆಗಳ ನಡುವೆ ನೀರಿನ ದಾರಿಯಿಲ್ಲ, ಬರೀ ಕಲ್ಲುಗುಡ್ಡ. ದೊಡ್ಡ ಹಡಗು ಅಲ್ಲಿಗೆ ಹೋಗುವುದುಂಟೇ? ಗಾಡಿಯ ಮೇಲೆ ಹೇರಿಕೊಂಡು ಹೋಗುವಂಥ ಪುಟ್ಟ ಹಾಯಿದೋಣಿಯೇ ಬೇಕು. ಅದು ಇದ್ದದ್ದು ಬೊಮ್ಮಕ್ಕನ ಹತ್ತಿರ ಮಾತ್ರ. ಅರವತ್ತು ದಾಟಿದ ಹೆಂಗಸು, ಬಾಯಿ ಸ್ವಲ್ಪ ಜೋರು. ಅವಳ ಎತ್ತುಗಳೂ ಅಂತಿಂಥವಲ್ಲ. ದೋಣಿ ನೀರಿಗಿಳಿದ ಮೇಲೆ ಖಾಲಿ ಗಾಡಿ ಎಳೆದುಕೊಂಡು ಕೆರೆಯ ತಳದಲ್ಲೇ ನಡೆದು, ಆಚೆ ದಡದಲ್ಲಿ ಮೆಲುಕು ಹಾಕುತ್ತಾ ನಿಂತಿರುತ್ತಿದ್ದವು.

ಹೇಮಾಂಗ ಅವಳನ್ನು ಕರೆದುಕೊಂಡು ಹೊರಟ. ಮೊದಲ ಕೆರೆ ಬಂತು. ಗಾಡಿಯಲ್ಲಿ ಮಲಗಿಸಿದ್ದ ಹಾಯಿಕಂಬವನ್ನು ಎತ್ತುವ ಮೊದಲು ಬೊಮ್ಮಕ್ಕ ಕುಕ್ಕರುಗಾಲಲ್ಲಿ ಕೂತಳು. ಕಂಬವನ್ನು ನಾಲ್ಕು ಕಡೆಯಿಂದ ಬಿಗಿಹಿಡಿಯುವ ನಾಲ್ಕು ತಂತಿಹಗ್ಗಗಳ ಮೇಲೆ ಒಂದು ಹಿಡಿ ಅರಳೆ ಸವರಿದಳು. ಒಂದೇ ಒಂದು ಎಳೆ ಮುರಿದಿದ್ದರೂ ಅರಳೆ ಅಲ್ಲಿ ಸಿಕ್ಕಿಕೊಳ್ಳುತ್ತದೆ. ಆಮೇಲೆ ಕೊಂಡಿಗಳಲ್ಲಿ ಬಿರುಕಿದೆಯೇ ನೋಡಿದಳು. ಕೀಲುಗಳು ಜಾರದಂತೆ ಸಿಕ್ಕಿಸಿದ ಕಡಾಣಿಗಳನ್ನು ಒಂದೊಂದಾಗಿ ಅಲುಗಿಸಿದಳು.

“ನಿನ್ನೆ ತಾನೇ ನೋಡಿದೆಯಲ್ಲ ಬೊಮ್ಮಕ್ಕ,” ಎಂದ ಹೇಮಾಂಗ.

“ಗಾಡಿ ಕುಲುಕಾಡಿದ್ದು ಇವತ್ತಲ್ಲವೇ ಬುದ್ಧಿ? ಸುಮ್ಮನೆ ಆ ಕಡಾಣಿ ಕೊಡಿ ಇಲ್ಲಿ.”

ಕೆರೆಯ ನಡುವೆ ನೀರು ಎದ್ದು ನಿಂತಿತು. ನೋಡಿದರೆ ಆಮೆ, ಬೆನ್ನ ಮೇಲೆ ಒಂದು ಕಾಡನ್ನೇ ಹೊತ್ತಿತ್ತು. ಅದು ಉಸಿರು ಬಿಟ್ಟ ರಭಸಕ್ಕೆ ದೋಣಿ ತಾಳೆಮರದೆತ್ತರ ಹಾರಿ ಬಿತ್ತು. ಆಮೆಯ ಬೆನ್ನ ಮೇಲೆ ಜಿಂಕೆಗಳು ಮೇಯುವುದನ್ನು ಹೇಮಾಂಗ ಬಾಯಿ ಬಿಟ್ಟುಕೊಂಡು ನೋಡಿದ. ನಾಲ್ಕು ತಂತಿಗಳೂ ಹಿಡಿತ ಬಿಡಲಿಲ್ಲ. ದಡ ಸೇರಿದರು.

ಎರಡನೆಯ ಕೆರೆ ಬಂತು. ಮತ್ತೆ ಅರಳೆ, ಮತ್ತೆ ಕೊಂಡಿ, ಮತ್ತೆ ಕಡಾಣಿ. ಎಲ್ಲ ಮುಗಿದ ಮೇಲೆ ಹೇಮಾಂಗನ ಕಣ್ಣಿಗೆ ತಂತಿಯ ಬುಡ ಮಸಿಹಿಡಿದ ಬಾಣಲೆಯಂತೆ ಕಂಡಿತು. ರಾಜಕುಮಾರ ಕೂರುವ ದೋಣಿ ಹೀಗಿರಬಹುದೇ? ಬೊಮ್ಮಕ್ಕ ಎತ್ತುಗಳ ಕಡೆ ತಿರುಗಿದ್ದೇ ತಡ, ಎಡಗಡೆಯ ತಂತಿಯ ಬುಡಕ್ಕೆ ತನ್ನ ರೇಷ್ಮೆಯ ನಡುಪಟ್ಟಿ ಸುತ್ತಿ ಗಂಟು ಹಾಕಿದ.

ಆ ಕೆರೆಯ ನೀರಲ್ಲಿ ಹಗಲಲ್ಲೇ ನಕ್ಷತ್ರಗಳು ಈಜುತ್ತಿದ್ದವು. ಅವನ್ನು ನುಂಗಲು ಬಂದ ನೂರು ಬೆಳ್ಳಿಹಕ್ಕಿಗಳು ಹಾಯಿಕಂಬದ ಮೇಲೆ ಕೂತವು. ಒಂದೊಂದೂ ಗುಂಡುಕಲ್ಲಿನಷ್ಟು ಭಾರ. ಕಂಬ ಬಾಗಿತು, ತಂತಿಗಳು ನರಳಿದವು. ಅಂತೂ ದೋಣಿ ಆಚೆ ದಡ ಮುಟ್ಟಿತು.

ಮೂರನೆಯ ಕೆರೆ ಬಂತು. ಹುಣ್ಣಿಮೆಯ ದಿನ, ಹೊತ್ತು ಇಳಿಯುತ್ತಿತ್ತು, ಬಿರುಗಾಳಿ ಬೀಸುತ್ತಿತ್ತು. ಎದುರಿಗೇ ದ್ವೀಪ. ಅದರ ಮೇಲೆ ತಂಗಿಯ ಕಲ್ಲಿನ ಆಕಾರ.

“ಈ ಸಲ ತಂತಿ ನೋಡುವುದು ಬಿಡು ಬೊಮ್ಮಕ್ಕ, ಕೈ ಮುಗಿಯುತ್ತೇನೆ.”

ಬೊಮ್ಮಕ್ಕ ಆಗಲೇ ಕೂತಾಗಿತ್ತು. “ಇಲ್ಲಿ ಬಟ್ಟೆ ಕಟ್ಟಿದವರು ಯಾರು?”

“ನಾನೇ. ಚೆಂದಕ್ಕೆ.”

“ಚೆಂದಕ್ಕಂತೆ. ಒದ್ದೆ ಬಟ್ಟೆಯೊಳಗೆ ತಂತಿ ತುಕ್ಕು ಹಿಡಿಯದೆ ಹೂ ಬಿಡುತ್ತದೆಯೇ?”

ಪಟ್ಟಿ ಬಿಚ್ಚಿ ಅರಳೆ ಸವರಿದಳು. ಸಿಕ್ಕಿಕೊಂಡಿತು. ಏಳು ಎಳೆ ಮುರಿದಿದ್ದವು.

“ಬದಲಿಸುವಷ್ಟರಲ್ಲಿ ಹೊತ್ತು ಮುಳುಗುತ್ತದೆ,” ಎಂದ ಹೇಮಾಂಗ.

“ಬದಲಿಸದೆ ಹೋದರೆ ನಡುನೀರಲ್ಲಿ ಕಂಬ ಬೀಳುತ್ತದೆ. ಆಮೇಲೆ ನಿಮ್ಮ ತಂಗಿಯನ್ನು ಮುಟ್ಟುವವರು ಯಾರು, ನಾನೇ?”

ಹೇಮಾಂಗ ದ್ವೀಪ ನೋಡಿದ, ಸೂರ್ಯನನ್ನು ನೋಡಿದ, ಮಗುವಿನಂತೆ ಅತ್ತುಬಿಟ್ಟ. ಆಮೇಲೆ ಕಣ್ಣೊರೆಸಿಕೊಂಡು ತಾನೇ ಕಡಾಣಿ ಕಿತ್ತು, ಕೀಲು ಬಿಚ್ಚಿ, ಹಳೆಯ ತಂತಿಯನ್ನು ಕೊಂಡಿಯಿಂದ ಎಳೆದ.

ತಂತಿಯ ಜೊತೆ ಒಬ್ಬ ಮನುಷ್ಯನೂ ಹೊರಗೆ ಬಂದ. ಗೇಣುದ್ದ, ನೂಲಿನಷ್ಟು ಸಣ್ಣ, ಬೂದಿಬಣ್ಣ. ಸುಂಟರ! ರೇಷ್ಮೆಯ ಮರೆಯಲ್ಲಿ ಕೂತು ಒಂದೊಂದೇ ಎಳೆ ಕಡಿಯುತ್ತಿದ್ದವನು ಅವನೇ; ಪಟ್ಟಿ ಬಿಚ್ಚಿದಾಗ ತಾನೂ ಒಂದು ಎಳೆಯಂತೆ ತಂತಿಯೊಳಗೆ ಅಡಗಿದ್ದ. ಬೊಮ್ಮಕ್ಕನ ಇಕ್ಕಳ ಗಬಕ್ಕನೆ ಅವನ ಕತ್ತು ಹಿಡಿಯಿತು.

ಹಿಡಿದದ್ದೇ ತಡ ಬಿರುಗಾಳಿ ನಿಂತುಹೋಯಿತು. ಲೋಕದಿಂದ ಕದ್ದ ಗಾಳಿಯೆಲ್ಲ ಅವನ ಹೊಟ್ಟೆಯಲ್ಲಿತ್ತು, ಅವನು ಬಿಟ್ಟರಷ್ಟೇ ಬೀಸುತ್ತಿತ್ತು. ಒಂದು ಎಲೆ ಅಲುಗಲಿಲ್ಲ, ನೀರು ಕನ್ನಡಿಯಾಯಿತು. ಗಾಡಿಯಲ್ಲಿದ್ದ ಹೊಸ ತಂತಿ ಬಿಗಿದು, ಕಂಬ ಎತ್ತಿ, ದೋಣಿ ತಳ್ಳಿದರು. ಆದರೆ ಹಾಯಿ ಜೋತುಬಿದ್ದಿತ್ತು. ಸೂರ್ಯ ಗುಡ್ಡದ ಮೇಲೆ ಎರಡು ಬೆರಳಷ್ಟೇ ಉಳಿದಿದ್ದ.

“ಊದು,” ಎಂದಳು ಬೊಮ್ಮಕ್ಕ.

“ಊದಿದರೆ ನನ್ನ ಉಸಿರೇ ಮುಗಿಯುತ್ತದೆ.”

“ಮುಗಿಯಲಿ. ಊದು.” ಇಕ್ಕಳ ಬಿಗಿ ಮಾಡಿದಳು.

ಸುಂಟರ ಊದಿದ. ಅಬ್ಬಾ, ಅದೇನು ಗಾಳಿ! ಕದ್ದಿಟ್ಟಿದ್ದ ಮುಂಗಾರು ಗಾಳಿ, ಹೊಂಗೆಹೂವಿನ ಗಾಳಿ, ಮಲಗಿದ ಕೂಸುಗಳ ಮೇಲೆ ಬೀಸಬೇಕಾಗಿದ್ದ ತಂಗಾಳಿ, ಎಲ್ಲವೂ ಹಾಯಿಗೆ ಬಂದು ತುಂಬಿದವು. ಹೊಸ ತಂತಿ ತಂಬೂರಿಯಂತೆ ಹಾಡಿತು. ದೋಣಿ ನೀರು ಮುಟ್ಟದೆ ಓಡಿತು, ಮೀನುಗಳು ತಲೆಯೆತ್ತಿ ನೋಡಿದವು. ದ್ವೀಪಕ್ಕೆ ತಾಗುವಾಗ ಇಕ್ಕಳದಲ್ಲಿ ಉಳಿದದ್ದು ತುಕ್ಕುಹಿಡಿದ ಒಂದು ಎಳೆ ಮಾತ್ರ.

ಹೇಮಾಂಗ ಹಾರಿ ಓಡಿದ. ಅರ್ಧ ಮುಳುಗಿದ ಸೂರ್ಯನ ಎದುರಿಗೆ ಕಲ್ಲಿನ ಕೈ ಹಿಡಿದುಕೊಂಡ. ಕಲ್ಲು ಬೆಚ್ಚಗಾಯಿತು. ರೆಪ್ಪೆ ಅಲುಗಿತು.

“ಅಣ್ಣಾ, ಎಷ್ಟು ತಡ ಮಾಡಿದೆ,” ಎಂದಳು ಕುಮುದಿನಿ.

“ತಂತಿ ಬದಲಿಸುತ್ತಿದ್ದೆ ಕಣೇ,” ಎಂದ ಅವನು, ಅಳುತ್ತಾ ನಗುತ್ತಾ.

ಅವತ್ತಿನಿಂದ ಗಾಳಿ ಯಾರೊಬ್ಬರ ಸೊತ್ತೂ ಆಗಲಿಲ್ಲ. ಮುಗಿಲನಾಡಿನವರು ಹೊಟ್ಟೆತುಂಬ ಉಂಡು, ಎದೆತುಂಬ ಉಸಿರಾಡಿ, ನೂರು ವರ್ಷ ಸುಖವಾಗಿ ಬಾಳಿದರು.