ಆಯಿಯ ಜೋರು ದನಿ

“ಕರೆಂಟ್ ಹೋತು! ಅವ್ವಾ, ಕರೆಂಟ್ ಹೋತು!”

ತ್ರಿವೇಣಿ ಚಹಾದ ಕಪ್ಪನ್ನು ಅಲ್ಲೇ ಇಟ್ಟು ಒಳಗೆ ಓಡಿದಳು.

ಬೆಳಗಾವಿಯ ಖಾಸಬಾಗದ ಆ ಓಣಿಯಲ್ಲಿ ಕರೆಂಟ್ ಹೋದರೆ ಎಲ್ಲರೂ ಬೈಯುತ್ತಿದ್ದರು. ಹಿಗ್ಗುತ್ತಿದ್ದುದು ಇವರ ಮನೆಯೊಂದೇ. ಓಣಿಯ ತುಂಬ ಕರೆಂಟಿನ ಮಗ್ಗಗಳು. ಬೆಳಗಾದರೆ ಸಾಕು, ಖಟಪಟ ಖಟಪಟ ಶುರು. ಗೋಡೆಗೆ ಕಿವಿಯಿಟ್ಟರೆ ಗೋಡೆಯೇ ಸೀರೆ ನೇಯುತ್ತಿದೆಯೇನೋ ಅನ್ನಿಸಬೇಕು. ಕರೆಂಟ್ ಹೋದಾಗ ಮಾತ್ರ ಮಗ್ಗಗಳು ಬಾಯಿ ಮುಚ್ಚುತ್ತಿದ್ದವು. ಅವ್ವ ರೆಕಾರ್ಡಿಂಗ್ ಮಾಡುತ್ತಿದ್ದುದು ಆಗಲೇ.

ಅವ್ವ ಮೊದಲು ಬಾಲವಾಡಿಯಲ್ಲಿ ಟೀಚರ್ ಆಗಿದ್ದಳು. ಅದು ಮುಚ್ಚಿದ ಮೇಲೆ ಮನೆಯಿಂದಲೇ ದನಿ ಕೊಡುವ ಕೆಲಸ ಕಲಿಯತೊಡಗಿದ್ದಳು. ಜಾಹೀರಾತಿಗೆ, ಪಾಠಕ್ಕೆ, ಕತೆಗೆ ದನಿ ಬೇಕಾಗುತ್ತದಂತೆ. ಅದಕ್ಕೆ ವಾಯ್ಸ್‌ಓವರ್ ಎನ್ನುತ್ತಾರಂತೆ. ಎಲ್ಲವನ್ನೂ ಅವ್ವ ಫೋನಿನಲ್ಲೇ ನೋಡಿ ತಿಳಿದುಕೊಂಡಿದ್ದಳು.

ಅವ್ವನ ಸ್ಟುಡಿಯೋ ಎಂದರೆ ಒಳಗಿನ ಕೋಣೆ. ಕಿಟಕಿಗೆ ಗಾದಿ ಒರಗಿಸಬೇಕು. ತಿಜೋರಿಯ ಬಾಗಿಲು ತೆರೆದಿಡಬೇಕು. ಒಳಗಿನ ಸೀರೆಗಳು ದನಿ ಗುಂಯ್‌ಗುಡದಂತೆ ತಡೆಯುತ್ತವೆ. ಆಮೇಲೆ ಎರಡು ಖುರ್ಚಿಗಳ ಮೇಲೆ ದಪ್ಪ ಕೌದಿ ಹೊದಿಸಿ ಡೇರೆ ಮಾಡಬೇಕು. ಡೇರೆಯೊಳಗೆ ಅವ್ವ, ಫೋನು, ಗುಂಡಿಯಷ್ಟು ಸಣ್ಣ ಮೈಕು. ಸೆಕೆಗೆ ಬೆವರು ಕಿತ್ತುಕೊಂಡು ಬರುತ್ತಿತ್ತು.

ಇವತ್ತು ಡೇರೆಯೊಳಗೆ ತ್ರಿವೇಣಿಯೂ ನುಗ್ಗಿದಳು.

ಧಾರವಾಡದ ಮನಿಷಾ ಮೇಡಂ ಮಕ್ಕಳು ಫೋನಿನಲ್ಲಿ ಕೇಳುವಂಥ ಕತೆಗಳನ್ನು ತಯಾರಿಸುತ್ತಿದ್ದರು. ಹೊಸ ಕತೆಗೆ ಒಂದು ಅಜ್ಜಿಯ ದನಿ, ಒಂದು ಮೊಮ್ಮಗಳ ದನಿ ಬೇಕಿತ್ತು. ‘ಸ್ಯಾಂಪಲ್ ಕಳಿಸ್ರಿ, ನೋಡೂಣು’ ಎಂದಿದ್ದರು. ಅಜ್ಜಿಯ ದನಿ ಅವ್ವನದು, ಮೊಮ್ಮಗಳ ದನಿ ತ್ರಿವೇಣಿಯದು. ಈ ಸುದ್ದಿ ಆಗಲೇ ಐದನೇ ಕ್ಲಾಸಿಗೆಲ್ಲ ಗೊತ್ತಾಗಿತ್ತು. ಹೇಳಿಕೊಂಡು ಬಂದವಳು ತ್ರಿವೇಣಿಯೇ.

“ಶ್! ರೆಡಿ?” ಅವ್ವ ಫೋನು ಒತ್ತಿದಳು.

ತ್ರಿವೇಣಿ ಹಾಳೆ ಮುಖದ ಹತ್ತಿರ ಹಿಡಿದು ಓದಿದಳು. “ನಾನು ಮರ ಇಳಿಯುವುದಿಲ್ಲ ಅಜ್ಜಿ. ನನಗೆ ಸಿಟ್ಟು ಬಂದಿದೆ.”

ಒಂದು ಅಕ್ಷರವೂ ತಪ್ಪಲಿಲ್ಲ. ಅವಳಿಗೆ ಖುಷಿಯಾಯಿತು.

ಈಗ ಅವ್ವನ ಸರದಿ. ಅವ್ವ ದನಿ ನಡುಗಿಸುತ್ತ ಓದಿದಳು. “ಎ... ಎಲ್ಲಿ ಹೋದೀಯೇ ಚಂದ್ರೀ... ಹೊತ್ತು ಮುಳುಗಾಕ ಬಂತು... ಮನಿಗಿ ಬಾರವ್ವ...”

ಹೊರಗಿನಿಂದ ದೊಡ್ಡ ನಗು ಕೇಳಿಸಿತು.

ನಕ್ಕವಳು ಆಯಿ. ಅಪ್ಪನ ತಾಯಿ ಮಾಯಕ್ಕ. ಅವಳು ಇರುವುದು ಖಾನಾಪುರದಲ್ಲಿ, ಮುತ್ತಪ್ಪ ಕಾಕಾನ ಮನೆಯಲ್ಲಿ. ಬೆಳಗಾವಿಗೆ ನಿನ್ನೆಯಷ್ಟೇ ಬಂದಿದ್ದಳು.

“ಮುದುಕ್ಯಾರು ಹಿಂಗ ಮಾತಾಡ್ತಾರೇನ? ಚಳಿಜ್ವರ ಬಂದಂಗ ಆತಲ್ಲವ್ವ!”

“ಅತ್ತೀ, ರೆಕಾರ್ಡಿಂಗ್ ನಡದೈತ್ರಿ!”

“ನಡೀಲೇಳು. ನಾ ಏನ ಮಾಡೀನಿ? ಬರೇ ನಕ್ಕೀನಿ.”

ಆಯಿಗೆ ಮೆಲ್ಲಗೆ ಮಾತಾಡಲು ಬರುತ್ತಲೇ ಇರಲಿಲ್ಲ. ಹರೆಯದಲ್ಲಿ ಕುರಿ ಕಾದವಳು. ಈ ಗುಡ್ಡದಿಂದ ಆ ಗುಡ್ಡಕ್ಕೆ ಕೂಗಿ ಕೂಗಿ ದನಿ ಹಾಗೇ ನಿಂತುಬಿಟ್ಟಿತ್ತು. ಅವಳು ಕಿವಿಯಲ್ಲಿ ಗುಟ್ಟು ಹೇಳಿದರೂ ಮಗ್ಗದವರು ತಿರುಗಿ ನೋಡುತ್ತಿದ್ದರು.

ಅವ್ವನಿಗೂ ನಗು ಬಂತು. “ಹಂಗಾರ ನೀವ ಹೇಳ್ರಿ ನೋಡೂಣು.”

“ಹೇಳೂದೇನ ದೊಡ್ಡದು? ಸರಿ, ಸರಿ, ಜಾಗಾ ಬಿಡು.”

ಆಯಿ ನರಳುತ್ತ ಡೇರೆಯೊಳಗೆ ತೂರಿದಳು. ಅವಳಿಗೆ ಓದು ಬಾರದು. ಅವ್ವ ಕತೆಯನ್ನು ಬಾಯಲ್ಲೇ ಹೇಳಿದಳು. ಮೊಮ್ಮಗಳು ಸಿಟ್ಟಾಗಿ ಹುಣಸೆ ಮರ ಏರಿ ಕುಳಿತಿದ್ದಾಳೆ, ಅಜ್ಜಿ ಹುಡುಕುತ್ತ ಬಂದಿದ್ದಾಳೆ. ಆಯಿ ಕಣ್ಣು ಮುಚ್ಚಿಕೊಂಡಳು.

“ಎಲ್ಲಿ ಹೋದೀಯೇ ಚಂದ್ರೀ! ಹೊತ್ತು ಮುಳುಗಾಕ ಬಂತ ನೋಡು! ಸಿಟ್ಟಿದ್ರ ಮನಿಗಿ ಬಂದು ಸಿಟ್ಟ ಮಾಡವ್ವ. ರೊಟ್ಟಿ ತಿಂದು ಮಾಡು. ನಾ ಏನ ಬ್ಯಾಡ ಅಂತೀನೇನ?”

‘ಬಂದೆ ಆಯಿ’ ಎಂಬ ಮಾತು ತ್ರಿವೇಣಿಯ ಬಾಯಿಯವರೆಗೆ ಬಂದೇಬಿಟ್ಟಿತ್ತು. ಆಯಿ ಕರೆದದ್ದು ಚಂದ್ರಿಯನ್ನು, ತನ್ನನ್ನಲ್ಲ ಎಂದು ಆಮೇಲೆ ನೆನಪಾಯಿತು.

ಅಷ್ಟರಲ್ಲಿ ಕರೆಂಟ್ ಬಂತು. ಮಗ್ಗಗಳು ಶುರುವಾದವು.

“ಮೂರೂ ಕಳಿಸಿಬಿಡ್ತೀನಿ. ಅವರಿಗೆ ಯಾವುದು ಸೇರತೈತೋ ಸೇರಲಿ” ಎಂದಳು ಅವ್ವ.

ಆಯಿ ಖಾಸಬಾಗದಲ್ಲಿ ಒಂದು ರಾತ್ರಿಗಿಂತ ಹೆಚ್ಚು ನಿಲ್ಲುವವಳಲ್ಲ. ‘ಈ ಗದ್ದಲದಾಗ ನನಗ ನಿದ್ದಿ ಹತ್ತೂದಿಲ್ಲ’ ಎಂದು ಚೀಲ ಹಿಡಿದುಬಿಡುತ್ತಿದ್ದಳು. ಈ ಸಲ ಚೀಲ ಗೂಟದಲ್ಲೇ ಉಳಿಯಿತು. ಅವ್ವ ಬಿಸಿನೀರು ಕುಡಿದರೆ ತಾನೂ ಕುಡಿದಳು. ಉಪ್ಪಿನಕಾಯಿ ಬಡಿಸಿದರೆ, “ಬ್ಯಾಡ, ಗಂಟಲ ಹಿಡೀತೈತಿ” ಎಂದಳು. ಫೋನು ಟಿಣ್ ಅಂದರೆ ಸಾಕು, ಎಲ್ಲಿದ್ದರೂ ಕೇಳಿಸುತ್ತಿತ್ತು.

“ಬಂತೇನ? ಏನಂದ್ರು?”

“ಆಯಿ, ಅದು ಗ್ಯಾಸಿನವರ ಮೆಸೇಜು.”

“ಗ್ಯಾಸಿನವರಿಗೂ ಒಂದೀಟು ನನ್ನ ದನಿ ಕೇಳಸು ಹಂಗಾರ! ಸಿಲಿಂಡರ್ ಲಗೂ ಬರ್ತೈತಿ.”

ಶಾಲೆಯಲ್ಲಿ ಕೈನಾತಳ ಕಾಟ ಬೇರೆ. ಅವಳದು ತ್ರಿವೇಣಿಯ ಪಕ್ಕದ ಬೆಂಚು.

“ಏ ಸ್ಟಾರ್, ನಿನ್ನ ಕತಿ ಯಾವಾಗ ಬರ್ತೈತಿ? ಇಲ್ಲಾ ಬರೇ ಬಂಡಲ್ ಬಿಟ್ಟೀಯೋ?”

“ಬರ್ತೈತಿ. ನೋಡ್ತಿರು.”

ಮರುದಿನ ಸಂಜೆ ಅವ್ವ ಹಿಟ್ಟು ಬೀಸಿಸಲು ಗಿರಣಿಗೆ ಹೋಗಿದ್ದಳು. ಆಯಿ ಹೊರಗೆ ಕಟ್ಟೆಯ ಮೇಲೆ ಬಾಜೂ ಮನೆಯವರೊಡನೆ ಮಾತಿಗೆ ಕುಳಿತಿದ್ದಳು. ಫೋನು ತ್ರಿವೇಣಿಯ ಕೈಯಲ್ಲಿತ್ತು. ಟಿಣ್ ಎಂದಿತು. ಮನಿಷಾ ಮೇಡಂ ಮಾತಾಡಿ ಕಳಿಸಿದ್ದರು. ತ್ರಿವೇಣಿ ಹೆಡ್‌ಫೋನ್ ಹಾಕಿಕೊಂಡಳು.

“ನಮಸ್ಕಾರ್ರಿ. ಆ ಹಿರಿಯಾರು ಯಾರ್ರಿ? ಎಂಥಾ ದನಿರಿ ಅವರದು! ನಮ್ಮ ಆಫೀಸಿನಾಗ ಎಲ್ಲಾರೂ ಎರಡೆರಡು ಸಲ ಕೇಳಿದ್ವಿ. ಅಜ್ಜಿ ಪಾತ್ರ ಅವರ ಮಾಡ್ಲಿ. ಹುಡುಗಿ ಮಾತ್ರ ಪಾಠ ಓದಿದಂಗ ಓದ್ಯಾಳ್ರಿ. ಮೊಮ್ಮಗಳ ದನಿಗೆ ಇಲ್ಲೇ ಒಬ್ಬಾಕಿ ಅದಾಳ. ಹೂಂ ಅನ್ನೂದಾದ್ರ ನಾಳೆ ಸಂಜಿ ಒಳಗ ತಿಳಸ್ರಿ. ಇಲ್ಲಾಂದ್ರ ಬ್ಯಾರೇದವರನ್ನ ನೋಡ್ತೀವಿ. ಏನೂ ಬೇಜಾರಿಲ್ಲ.”

ತ್ರಿವೇಣಿ ಹೆಡ್‌ಫೋನ್ ತೆಗೆದಳು. ಕಿವಿಗಳು ಬಿಸಿಯಾಗಿದ್ದವು.

ಪಾಠ ಓದಿದಂಗ!

ಕೈನಾತಳ ಮುಖ ಕಣ್ಣ ಮುಂದೆ ಬಂತು. ಪಕ್ಕದಲ್ಲಿ ಇಡೀ ಐದನೇ ಕ್ಲಾಸು. ‘ನಿನ್ನನ್ನ ಬಿಟ್ಟು ನಿಮ್ಮ ಆಯೀನ ತಗೊಂಡ್ರಾ?’ ಎಂದು ನಗುವ ಕ್ಲಾಸು. ಹೀಗೆ ಮಾಡಬೇಕೆಂದು ಅವಳೇನೂ ಯೋಚಿಸಿರಲಿಲ್ಲ. ಬೆರಳು ಆ ಮೆಸೇಜಿನ ಮೇಲೆ ಹೋಯಿತು. ‘ಡಿಲೀಟ್’ ಎಂದು ಫೋನು ಕೇಳಿತು. ಬೆರಳು ಹೂಂ ಎಂದಿತು.

“ಟಿಣ್ ಅಂತಲ್ಲ, ಅವರೇನ?” ಆಯಿ ಬಾಗಿಲಲ್ಲಿ ನಿಂತಿದ್ದಳು. ಮಾತು ಅರ್ಧಕ್ಕೇ ಬಿಟ್ಟು ಎದ್ದು ಬಂದಿದ್ದಳು.

“ಹೂಂ” ಎಂದುಬಿಟ್ಟಳು ತ್ರಿವೇಣಿ. ಅಂದ ಮೇಲೆ ಏನಾದರೂ ಹೇಳಲೇಬೇಕಾಯಿತು. “ಯಾರದೂ ಬ್ಯಾಡಂತ.”

“ಯಾಕಂತ?”

“ನಂದು ಪಾಠ ಓದಿದಂಗ ಆತಂತ. ನಿಂದು... ಭಾಳ ಜೋರಾತಂತ ಆಯಿ. ಒರಟ ಐತಂತ. ಅಂಥಾ ದನಿ ಕೇಳಿದ್ರ ಸಣ್ಣ ಹುಡುಗ್ರು ಅಂಜ್ತಾರಂತ.”

ಕೊನೆಯ ಮಾತು ಎಲ್ಲಿಂದ ಬಂತೋ ತ್ರಿವೇಣಿಗೇ ತಿಳಿಯಲಿಲ್ಲ.

ಆಯಿ ನಕ್ಕಳು. “ಖರೇನ ಐತಿ ಬಿಡು. ಕುರಿ ಬೆದರಸೂ ದನಿ ಇದು.”

ನಕ್ಕಳೇನೋ ಹೌದು. ಆದರೆ ತಿರುಗಿ ಕಟ್ಟೆಗೆ ಹೋಗಲಿಲ್ಲ. ಒಳಗೆ ಹೋಗಿ ಗೂಟದಿಂದ ಚೀಲ ಇಳಿಸಿದಳು. ಬೆಳಗಾದ ಕೂಡಲೇ ಖಾನಾಪುರದ ಬಸ್ಸು ಹತ್ತಿದಳು.

ಅವ್ವನಿಗೂ ತ್ರಿವೇಣಿ ಅದನ್ನೇ ಹೇಳಿದಳು. ಅವ್ವ ಬೇರೆ ಏನನ್ನೂ ಕೇಳಲಿಲ್ಲ. “ಹೋಗ್ಲಿ ಬಿಡು, ಮೊದಲನೇ ಸಲ ಎಲ್ಲಾರಿಗೂ ಹಿಂಗ” ಎಂದು ಮಗಳನ್ನೇ ಸಮಾಧಾನ ಮಾಡಿದಳು. ಅದು ಬೈಗುಳಕ್ಕಿಂತ ಕಷ್ಟವಾಗಿತ್ತು. ಮತ್ತೆ ಕರೆಂಟ್ ಹೋಯಿತು, ಮತ್ತೆ ಬಂತು. ಅವ್ವನಿಗೆ ಬಳೆ ಅಂಗಡಿಯ ಜಾಹೀರಾತು ಸಿಕ್ಕಿತು. ಧಾರವಾಡದ ಮಾತನ್ನು ಎಲ್ಲರೂ ಮರೆತರು.

ಒಂದು ದಿನ ಕೈನಾತ ಬಂದು, “ಆ ಕತಿ ಬಂದೈತಿ. ನಿನ್ನ ಹೆಸರ ಇಲ್ಲಲ್ಲ ಅದರಾಗ!” ಎಂದಳು. ತ್ರಿವೇಣಿ ಮನೆಗೆ ಬಂದು ಒಬ್ಬಳೇ ಕುಳಿತು ಕೇಳಿದಳು. ಅದರಲ್ಲಿ ಯಾರೋ ಅಜ್ಜಿ ಸಣ್ಣ ದನಿಯಲ್ಲಿ ಚಂದ್ರಿಯನ್ನು ಕರೆದಳು. ಚೆನ್ನಾಗಿಯೇ ಕರೆದಳು. ಆದರೆ ತ್ರಿವೇಣಿಗೆ ‘ಬಂದೆ’ ಅನ್ನಬೇಕೆನಿಸಲಿಲ್ಲ.

ದಸರಾ ರಜೆಗೆ ಅಪ್ಪ ಅವಳನ್ನು ಖಾನಾಪುರದಲ್ಲಿ ಬಿಟ್ಟು ಹೋದ.

ಹಿಂದೆಲ್ಲ ಅವಳು ಓಣಿಯ ತಿರುವಿಗೆ ಬಂದರೆ ಸಾಕಿತ್ತು. “ಬಂದ್ಳ ನೋಡ್ರಿ ಬೆಳಗಾವಿಯಾಕಿ!” ಎಂದು ಆಯಿ ಕೂಗುತ್ತಿದ್ದಳು. ಎಲ್ಲ ಮನೆಗಳ ಬಾಗಿಲಿಗೂ ಜನ ಬರುತ್ತಿದ್ದರು. ಈ ಸಲ ಯಾರೂ ಬರಲಿಲ್ಲ. ಆಯಿ ಕಟ್ಟೆಯ ಮೇಲಿಂದ ಎದ್ದು ಬಂದು ಅವಳ ಕೈ ಹಿಡಿದಳು. ಏನೋ ಹೇಳಿದಳು.

“ಆಂ?” ಎಂದಳು ತ್ರಿವೇಣಿ. ಆಯಿಯ ಮಾತು ಕೇಳಿಸದೇ ಇದ್ದದ್ದು ಇದೇ ಮೊದಲು.

“ಉಂಡಿಯೇನ ಅಂದೆ.”

“ಆಯಿಗೆ ಅರಾಮಿಲ್ಲೇನ ಕಾಕಾ?” ಎಂದು ಅವಳು ಒಳಗೆ ಹೋಗಿ ಕೇಳಿದಳು.

“ಬೆಳಗಾವಿಯಿಂದ ಬಂದಾಗಿಂದ ಹಿಂಗ ನೋಡು” ಎಂದ ಮುತ್ತಪ್ಪ ಕಾಕಾ. “ಡಾಕ್ಟರಿಗೂ ತೋರಿಸಿದ್ವಿ. ಗಂಟಲಕ್ಕೇನೂ ಆಗಿಲ್ಲಂದ್ರು. ನಮಗ ಕಿವಿ ಮಂದ ಆದಂಗ ಆಗೈತಿ.”

ಕಾಕಾನ ಮಗ ಗುರುಸಿದ್ದ ಇನ್ನೂ ತೊಟ್ಟಿಲ ಕೂಸು. ಊಟದ ಮೇಲೆ ಆಯಿ ಅವನನ್ನು ಮಲಗಿಸಲು ಕುಳಿತಳು. ಮೊದಲಾದರೆ ಅವಳ ಜೋಗುಳಕ್ಕೆ ಹಿತ್ತಲಿನ ಬೆಕ್ಕೂ ಮಲಗುತ್ತಿತ್ತು. ಈಗ ಆಯಿ ಹಾಡಲಿಲ್ಲ. ತೊಟ್ಟಿಲು ತೂಗುತ್ತ, ಕೂಸಿನ ಎದೆಯನ್ನು ಸುಮ್ಮನೆ ತಟ್ಟುತ್ತಿದ್ದಳು.

ತ್ರಿವೇಣಿಗೆ ಅಲ್ಲಿ ನಿಲ್ಲಲಾಗಲಿಲ್ಲ. ಹೊರಗೆ ಬಂದು ಕಟ್ಟೆಯ ಮೇಲೆ ಕುಳಿತಳು.

ಸ್ವಲ್ಪ ಹೊತ್ತಿಗೆ ಆಯಿಯೂ ಬಂದು ಅವಳ ಬಾಜೂಕ ಕುಳಿತಳು. ಅಂಗಳದ ಆ ತುದಿಯಲ್ಲಿ ಶೇಂಗಾ ಒಣಹಾಕಿದ್ದರು. ಪಕ್ಕದ ಮನೆಯ ಆಡು ಬಂದು ಅದಕ್ಕೆ ಬಾಯಿ ಹಾಕಿತು. ಆಯಿ ಕುಳಿತಲ್ಲಿಂದಲೇ ಒಮ್ಮೆ ‘ಹಾಯ್’ ಎಂದಿದ್ದರೆ ಸಾಕಿತ್ತು, ಆಡು ಓಣಿ ದಾಟಿ ಓಡುತ್ತಿತ್ತು. ಆಯಿ ಮಂಡಿ ಹಿಡಿದುಕೊಂಡು ಎದ್ದಳು. ಕುಂಟುತ್ತ ಅಂಗಳ ದಾಟಿದಳು. ಕೈಯಿಂದ ಆಡನ್ನು ತಳ್ಳಿದಳು. ಮತ್ತೆ ಕುಂಟುತ್ತ ಬಂದು, ಏದುಸಿರು ಬಿಡುತ್ತ ಕುಳಿತಳು.

“ಆಯಿ.”

“ಹೂಂ?”

“ಮೇಡಂ ಹಂಗ ಅಂದಿರಲಿಲ್ಲ.”

ಆಯಿ ಅವಳ ಕಡೆ ನೋಡಿದಳು.

“ನಿನ್ನ ದನಿ ಬೇಕ ಅಂದಿದ್ರು. ಅವರ ಆಫೀಸಿನಾಗ ಎಲ್ಲಾರೂ ಎರಡೆರಡು ಸಲ ಕೇಳಿದ್ರಂತ. ಬ್ಯಾಡ ಅಂದಿದ್ದು ನಂದು ಒಂದ. ಹುಡುಗ್ರು ಅಂಜ್ತಾರಂತ ಯಾರೂ ಅಂದಿಲ್ಲ. ನಾನ ಅಂದೆ.”

ಆಯಿ ಪೂರ್ತಿ ಅವಳ ಕಡೆಗೇ ತಿರುಗಿ ಕುಳಿತಳು.

“ಎರಡೆರಡು ಸಲ?”

“ಹೂಂ.”

“ಆ ಕತಿ ಬಂತೇನ ಮತ್ತ?”

“ಬಂತು. ಬ್ಯಾರೆ ಯಾರೋ ಮಾಡ್ಯಾರ.”

“ಹುಡುಗಿ ಮರ ಇಳದ್ಳೇನ ಕಡೀಕ?”

“ಇಳದ್ಳು.”

“ಆತ ಬಿಡು.”

ಓಣಿಗೆಲ್ಲ ಕೇಳುವಂತೆ ಆಯಿ ತನ್ನನ್ನು ಬೈಯಲಿ ಎಂದು ತ್ರಿವೇಣಿ ಕಾದಳು. ಎಲ್ಲ ಮನೆಗಳ ಬಾಗಿಲಿಗೂ ಜನ ಬರಲಿ, ಬಂದು ನೋಡಲಿ. ಆಯಿ ಬೈಯಲಿಲ್ಲ. ಅವಳ ತಲೆಯ ಮೇಲೆ ಕೈಯಿಟ್ಟು, ಅದೇ ಸಣ್ಣ ದನಿಯಲ್ಲಿ, “ಅಳಬ್ಯಾಡ” ಎಂದಳು.

ಆಡು ಮತ್ತೆ ಬಂತು.

ಈಗ ಕೂಗುತ್ತಾಳೆ, ಈಗ ಕೂಗೇ ಕೂಗುತ್ತಾಳೆ ಎಂದು ತ್ರಿವೇಣಿ ಆಯಿಯ ಮುಖವನ್ನೇ ನೋಡಿದಳು. ಆಯಿಯ ಬಾಯಿ ತೆರೆಯಿತು. ಅವಳು ಒಮ್ಮೆ ಒಳಗಿನ ತೊಟ್ಟಿಲಿನ ಕಡೆ ತಿರುಗಿ ನೋಡಿದಳು. ಬಾಯಿ ಮುಚ್ಚಿತು. ಕೈ ಮಂಡಿಯ ಮೇಲೆ ಹೋಯಿತು.

ಆಯಿ ಏಳುವ ಮೊದಲೇ ತ್ರಿವೇಣಿ ಎದ್ದು ಅಂಗಳಕ್ಕೆ ಓಡಿದಳು.