ಮಂಚದಡಿಯ ಬಾಸ್ ಪೆಟ್ಟಿಗೆ

ಹದಿನೆಂಟು ವರ್ಷ ಬೆವರು ಸುರಿಸಿದ ಷೆಡ್ಡನ್ನು ಭಾವ ಕಿತ್ತುಕೊಳ್ಳುತ್ತಾನೆ. ಕಿತ್ತುಕೊಳ್ಳುವ ಮೊದಲು ಮಂಚ, ಅಡುಗೆಕಟ್ಟೆ ಎಲ್ಲ ಇರುವ ತನ್ನ ಕ್ಯಾಂಪರ್ ವ್ಯಾನಿಗೆ ಹೊಸ ಸ್ಪೀಕರುಗಳನ್ನೂ ಇವನ ಕೈಯಲ್ಲೇ ಹಾಕಿಸಿಕೊಳ್ಳುತ್ತಾನೆ. ಸ್ಟೀರಿಯೋ ಮೆಕ್ಯಾನಿಕ್ಕಿಗೆ ಹೆಚ್ಚು ಹೊಟ್ಟೆ ಉರಿದದ್ದು ಮೊದಲನೆಯದಕ್ಕಲ್ಲ, ಎರಡನೆಯದಕ್ಕೆ.

ಭಾವ ಅಂದರೆ ಹೆಂಡತಿಯ ಅಣ್ಣ. ಷೆಡ್ಡು ಮಾವನದು. ಮಾವ ಸತ್ತು ಮೂರು ತಿಂಗಳಾಗಿತ್ತು. ಸಾಯುವ ಮುಂಚೆ ಷೆಡ್ಡು ಯಾರಿಗೆಂದು ಒಂದು ಹಾಳೆಯಲ್ಲಿ ಕೈಯಾರೆ ಬರೆದು, ಸಹಿ ಹಾಕಿ, ಪ್ಲಾಸ್ಟಿಕ್ ಹೊದಿಕೆಯಲ್ಲಿಟ್ಟು ಮಗನಿಗೆ ಕೊಟ್ಟಿದ್ದ. ಅದರಲ್ಲಿ ಏನಿದೆಯೆಂದು ಮೆಕ್ಯಾನಿಕ್ ಕೇಳಲಿಲ್ಲ. ಕೇಳುವುದೇನು ಬಂತು? ಬದುಕಿದ್ದಷ್ಟು ದಿನ ಅಳಿಯನನ್ನು ಹೆಸರು ಹಿಡಿದು ಕರೆಯದೆ ‘ಏಯ್ ತಂತಿ’ ಎಂದೇ ಕೂಗಿದ ಮುದುಕ, ಸಾಯುವ ಹೊತ್ತಿಗೆ ಧರ್ಮಾತ್ಮನಾಗಿಬಿಡುತ್ತಾನೆಯೇ?

ಗುರುವಾರ ನೋಂದಣಿ ಕಚೇರಿಗೆ ಹೋಗುವುದೆಂದೂ, ಸಹಿ ಹಾಕಲು ತಂಗಿಯೂ ಬರಬೇಕೆಂದೂ ಭಾವ ಹೇಳಿದ. ಹೇಳುವಾಗ ಮೀಸೆಯಡಿ ನಕ್ಕ.

“ಅಷ್ಟರೊಳಗೆ ವ್ಯಾನ್ ರೆಡಿ ಮಾಡ್ಕೊಡು ತಂತಿ. ಹಳೇ ಸ್ಪೀಕರ್‌ಗೆ ಗಂಟಲು ಕಟ್ಟಿಹೋಗಿದೆ.”

ಆ ನಗು ಮೆಕ್ಯಾನಿಕ್ಕಿನ ಎದೆಯಲ್ಲಿ ಮುಳ್ಳಿನ ಹಾಗೆ ಉಳಿಯಿತು. ಜೊತೆಗೆ ಬರುವಂತೆ ಹೆಂಡತಿ ಎರಡು ಸಲ ಕರೆದಳು. ಅವಳೂ ಅಣ್ಣನ ಕಡೆಯೇ ಎಂದುಕೊಂಡ. ಪೇಟೆಗೆ ಹೋಗಿ ವೈರು ತರಬೇಕು, ಆಗುವುದಿಲ್ಲ ಎಂದ.

ಉಪಾಯ ಹೊಳೆದದ್ದು ವ್ಯಾನಿನ ಒಳಗನ್ನು ಬಿಚ್ಚಿದಾಗ. ಆ ಹಾಳೆಗೆ ನಕಲಿಲ್ಲ. ಅದೊಂದು ಇಲ್ಲವಾದರೆ ಷೆಡ್ಡು ಅಣ್ಣತಂಗಿಯರಿಗೆ ಸಮಪಾಲು. ಹೆಂಡತಿಯ ಪಾಲು ಇರುವತನಕ ಇವನನ್ನು ಅಲ್ಲಿಂದ ಯಾರೂ ಹೊರದಬ್ಬಲಾರರು. ಹಾಳೆ ಇರುವುದು ಭಾವನ ಮನೆಯ ಬೀರುವಿನಲ್ಲಿ, ಹೊರಗೆ ಬರುವುದು ಗುರುವಾರ ಒಂದೇ ದಿನ. ಪ್ರಯಾಣದಲ್ಲಿ ಕಾಗದಪತ್ರವನ್ನೆಲ್ಲ ಭಾವ ಇಡುವುದು ವ್ಯಾನಿನ ಮಂಚದಡಿಯ ಲಾಕರಿನಲ್ಲಿ. ಬೀಗದ ಕೈ ಅವನ ಕೊರಳಲ್ಲೇ ಇರುತ್ತದೆ. ಮುಂದಿನಿಂದ ನೋಡಿದರೆ ಆ ಲಾಕರು ಉಕ್ಕಿನ ಕೋಟೆ, ಹಿಂದೆ ಬರೀ ಪ್ಲೈವುಡ್ಡು. ಕೊಂಡವನಿಗೆ ಗೊತ್ತಿಲ್ಲದ್ದು ಬಿಚ್ಚಿದವನಿಗೆ ಗೊತ್ತಾಯಿತು.

ಹಾಡಿಗೆ ಒಳ್ಳೆಯ ಬಾಸ್, ಅಂದರೆ ಎದೆಗೆ ಗುದ್ದುವ ದಪ್ಪ ಸದ್ದು, ಬರಬೇಕಾದರೆ ದೊಡ್ಡ ಪೆಟ್ಟಿಗೆಯೇ ಬೇಕು, ಮಂಚದಡಿಯ ಉಳಿದ ಜಾಗವನ್ನೆಲ್ಲ ಬಿಟ್ಟುಕೊಡಿ ಎಂದು ಭಾವನನ್ನು ಒಪ್ಪಿಸಿದ. ಪೆಟ್ಟಿಗೆಯಲ್ಲಿ ಮೂರನೇ ಒಂದು ಪಾಲು ಸ್ಪೀಕರಿಗೆ, ಮಿಕ್ಕಿದ್ದು ಮಂಡಿ ಮಡಚಿ ಮಲಗುವ ಒಬ್ಬ ಸಣಕಲ ಮನುಷ್ಯನಿಗೆ. ಲಾಕರಿನ ಕಡೆಗಿನ ಪ್ಲೈವುಡ್ಡಿನ ನಾಲ್ಕು ಮೊಳೆ ತೆಗೆದು ಅಂಟುಪಟ್ಟಿಯಲ್ಲಿ ನಿಲ್ಲಿಸಿದ. ಹೊರಬರಲು ಒಳಗಿನಿಂದ ಮಾತ್ರ ತೆರೆಯುವ ಹಲಗೆ. ಕೆಲಸವನ್ನೂ ಕಾಟಾಚಾರಕ್ಕೆ ಮಾಡಲಿಲ್ಲ. ಬಾಗಿಲಿಗೆರಡು, ಮೇಲ್ಚಾವಣಿಗೆರಡು, ಅಡುಗೆಕಟ್ಟೆಯ ಮೇಲೆ ಮೂರು, ಮಂಚದಡಿಯದು ಸೇರಿ ಎಂಟು ಸ್ಪೀಕರು. ಜೊತೆಗೆ ಹೊಸ ಆಂಪ್ಲಿಫೈಯರು, ಅಂಗೈಗಿಂತ ದೊಡ್ಡ ಪರದೆಯ ಸ್ಟೀರಿಯೋ. ಹದಿನೆಂಟು ವರ್ಷದಲ್ಲಿ ಇಷ್ಟು ಚೆಂದವಾಗಿ ಯಾವ ಗಾಡಿಯನ್ನೂ ಮಾಡಿರಲಿಲ್ಲ. ಕಳ್ಳತನಕ್ಕೆಂದು ಮಾಡಿದ ಕೆಲಸದ ಮೇಲೂ ಅವನಿಗೆ ಹೆಮ್ಮೆಯಾಯಿತು.

ಗುರುವಾರ ಬೆಳಿಗ್ಗೆ ವ್ಯಾನಿನ ಕೀಯನ್ನು ಹೆಂಡತಿಗೆ ಕೊಟ್ಟು, ಪೇಟೆಗೆ ಹೊರಟವನ ಹಾಗೆ ಚೀಲ ಹೆಗಲಿಗೇರಿಸಿ, ಹಿಂದಿನ ಓಣಿಯಿಂದ ಷೆಡ್ಡಿಗೆ ಬಂದು, ಹಿಂಬಾಗಿಲಿಗೆ ಬೀಗ ಹಾಕದೆ ಬಿಟ್ಟಿದ್ದ ವ್ಯಾನು ಹತ್ತಿ ಪೆಟ್ಟಿಗೆ ಸೇರಿದ. ಕೆಲಸ ಮುಗಿದ ಮೇಲೆ ಬಸ್‌ಸ್ಟ್ಯಾಂಡಿನಿಂದ ಹೆಂಡತಿಗೆ ಫೋನ್ ಮಾಡಿ, ಪೇಟೆಯಲ್ಲಿದ್ದೇನೆ ಎನ್ನಬೇಕಿತ್ತು. ಅದಕ್ಕೆ ಫೋನು ಜೇಬಿನಲ್ಲೇ ಇತ್ತು, ಸದ್ದಿಲ್ಲ, ನಡುಕವಿಲ್ಲ. ಎರಡು ಸಲ ಪರೀಕ್ಷಿಸಿದ್ದ.

ಭಾವ ತಂಗಿಯನ್ನು ಕರೆದುಕೊಂಡು ಬಂದ. ಲಾಕರು ತೆರೆದು ಮುಚ್ಚಿದ ಸದ್ದಾಯಿತು. ವ್ಯಾನು ಹೊರಟಿತು. ಪೆನ್‌ಡ್ರೈವಿನ ಹಾಡು ಶುರುವಾದೊಡನೆ ಪ್ಲೈವುಡ್ಡನ್ನು ಸರಿಸಿ ಕೈ ತೂರಿಸಿದ. ಕಡತದಲ್ಲಿ ಪ್ಲಾಸ್ಟಿಕ್ ಹೊದಿಕೆಯಲ್ಲಿದ್ದದ್ದು ಅದೊಂದೇ ಹಾಳೆ, ಮುಟ್ಟಿದೊಡನೆ ಗೊತ್ತಾಯಿತು. ಓದುವ ಆಸೆ ಇರಲಿಲ್ಲವೆಂದಲ್ಲ. ಬೆಳಕು ಹಚ್ಚಿದರೆ ಸ್ಪೀಕರಿನ ಜಾಲರಿಯಿಂದ ಕಾಣುತ್ತದೆ. ಕತ್ತಲಲ್ಲೇ ಸಣ್ಣಗೆ, ಇನ್ನೂ ಸಣ್ಣಗೆ ಹರಿದ. ಚೂರುಗಳನ್ನು ಸದ್ದು ಹದವಾಗಲೆಂದು ಸ್ಪೀಕರಿನ ಹಿಂದೆ ತುರುಕಿದ್ದ ಬಿಳಿ ನಾರಿನೊಳಗೆ ಬೆರೆಸಿದ. ಹಿಡಿಹಿಡಿಯಾಗಿ ಕಿತ್ತು ಜರಡಿ ಹಿಡಿದರೂ ಸಿಗಬಾರದು, ಹಾಗೆ.

ಇನ್ನುಳಿದದ್ದು ಇಳಿಯುವುದು. ಊರಂಚಿನ ಪೆಟ್ರೋಲ್ ಬಂಕಿನಲ್ಲಿ ಭಾವ ನಿಲ್ಲಿಸದೆ ಮುಂದೆ ಹೋದವನೇ ಅಲ್ಲ. ಆದರೆ ಇವತ್ತು ಹೊತ್ತಾಯಿತಂತೆ, ಬರುವಾಗ ಹಾಕಿಸುತ್ತಾನಂತೆ. ಬಂಕು ಹಿಂದೆ ಸರಿದದ್ದನ್ನು ಮೆಕ್ಯಾನಿಕ್ ಗಾಡಿಯ ವೇಗದಲ್ಲೇ ತಿಳಿದ. ಬಲಗಾಲು ಜೋಮು ಹಿಡಿಯಿತು. ಭಾವ ಹಾಡಿನ ಸದ್ದು ಏರಿಸಿದ. ತಾನೇ ಆರಿಸಿ ಕೂರಿಸಿದ ಬಾಸು ಇವನ ಪಕ್ಕೆಲುಬಿಗೆ ಗುದ್ದತೊಡಗಿತು, ಹಲ್ಲು ಕೂಡ ಅದುರಿತು. ಕಿವಿ ಮುಚ್ಚಿಕೊಳ್ಳಲು ಮೊಣಕೈ ಎತ್ತುವಷ್ಟು ಜಾಗ ಬಿಟ್ಟುಕೊಂಡಿರಲಿಲ್ಲ. ಕಚೇರಿಯ ಮುಂದೆ ಇಳಿದೇ ಇಳಿಯುತ್ತಾರೆ ಎಂದು ಸಮಾಧಾನ ಹೇಳಿಕೊಂಡ.

ಭಾವ ಸದ್ದು ಇಳಿಸಿದ. ಹೆಂಡತಿಯ ದನಿ ಸ್ಪಷ್ಟವಾಗಿ ಕೇಳಿತು.

“ಅಣ್ಣ, ಇನ್ನಾದ್ರೂ ಅವರಿಗೆ ಹೇಳ್ಬಿಡೋಣ. ಮೂರು ತಿಂಗಳಿಂದ ಮುಖ ಊದಿಸ್ಕೊಂಡು ತಿರುಗ್ತಿದಾರೆ.”

“ಕಾಗದ ಕೈಗೆ ಕೊಟ್ಟು ಅವನ ಮುಖ ನೋಡ್ಬೇಕು ಅಂತಿದ್ದೆ ಪುಟ್ಟಿ. ಅಪ್ಪ ಎಷ್ಟು ಚೆನ್ನಾಗಿ ಬರೆದಿದಾರೆ ನೋಡು. ಷೆಡ್ಡು ಪೂರ್ತಿ ತಂತಿಗೆ, ಅದನ್ನ ಕಟ್ಟಿ ನಿಲ್ಲಿಸಿದವನು ಅವನೇ ಅಂತ. ನಾವಿಬ್ರೂ ಒಪ್ಪಿ ಸಹಿ ಹಾಕಿದ್ರೆ ಮುಗೀತು.”

ಮೆಕ್ಯಾನಿಕ್ ನಾರಿನೊಳಗೆ ಕೈ ಹಾಕಿ ಕೆದಕಿದ. ಒಂದು ಚೂರು ಸಿಕ್ಕಿತು, ಆಮೇಲೆ ಇನ್ನೊಂದು. ಮುದುಕನ ಮೇಲೆ ಇಷ್ಟು ವರ್ಷ ಇಟ್ಟುಕೊಂಡಿದ್ದ ಸಿಟ್ಟೆಲ್ಲ ಅಳುವಾಗಿ ಉಕ್ಕಿ ಬಂತು. ಅಳುವ ಹಾಗೂ ಇರಲಿಲ್ಲ, ತುಟಿ ಕಚ್ಚಿಕೊಂಡ.

“ಮಾಡು ಹಾಗಾದ್ರೆ ಫೋನು,” ಎಂದ ಭಾವ. “ಪೇಟೇಲೇ ಕುಣಿದಾಡಲಿ.”

ಮಾಡಲಿ, ಮಾಡಿ ಮಾಡಿ ಸುಮ್ಮನಾಗಲಿ. ಫೋನು ಸದ್ದು ಮಾಡುವುದಿಲ್ಲ, ಆ ಒಂದು ವಿಷಯದಲ್ಲಾದರೂ ಅವನಿಗೆ ಅನುಮಾನವಿರಲಿಲ್ಲ. ಹಾಡು ತಟ್ಟನೆ ನಿಂತಿತು. ಬಾಗಿಲಲ್ಲಿ, ಚಾವಣಿಯಲ್ಲಿ, ಅಡುಗೆಕಟ್ಟೆಯ ಮೇಲೆ, ಅವನ ಕಿವಿಯ ಪಕ್ಕದಲ್ಲಿ, ಎಂಟೂ ಸ್ಪೀಕರುಗಳಲ್ಲಿ ಒಟ್ಟಿಗೆ ರಿಂಗಾಯಿತು. ಹೊಸ ಸ್ಟೀರಿಯೋ ಕೂರಿಸಿದೊಡನೆ ತನ್ನ ಫೋನನ್ನೇ ಬ್ಲೂಟೂತ್‌ನಲ್ಲಿ ಅದಕ್ಕೆ ಜೋಡಿಸಿ ಪರೀಕ್ಷಿಸುವುದು ಅವನ ಪದ್ಧತಿ. ಗಿರಾಕಿಗೆ ಗಾಡಿ ಒಪ್ಪಿಸುವ ಮುನ್ನ ಆ ಜೋಡಣೆಯನ್ನು ಅಳಿಸುವುದೂ ಪದ್ಧತಿಯೇ. ಈ ಗಾಡಿಯನ್ನು ಅವನು ಒಪ್ಪಿಸಿರಲೇ ಇಲ್ಲ, ಒಳಗೆ ಸೇರಿಕೊಂಡಿದ್ದ. ಭಾವ ಬ್ರೇಕು ಒತ್ತಿದ. ಇವನು ಅವಳ ನಂಬರಿಗೆ ಇಟ್ಟುಕೊಂಡ ‘ಮಹಾರಾಣಿ’ ಎಂಬ ಹೆಸರು ದೊಡ್ಡ ಪರದೆಯ ಮೇಲೆ ಮಿನುಗುತ್ತಿದ್ದುದನ್ನು ಹೆಂಡತಿ ಗಟ್ಟಿಯಾಗಿ ಓದಿದಳು. ಆಮೇಲೆ ಅವಳು ಎದ್ದು ಹಿಂದಿನ ಮಂಚದ ಕಡೆಗೆ ಬರುವ ಹೆಜ್ಜೆ ಕೇಳಿತು.