ಹಿಟ್ಟಿನ ಮೇಲಿನ ಹೆಜ್ಜೆ

1958ರ ಫೆಬ್ರವರಿ ಹನ್ನೊಂದನೇ ತಾರೀಖು, ಮಂಗಳವಾರ ಬೆಳಿಗ್ಗೆ ಆನವಟ್ಟಿಯಿಂದ ಬಂದ ಮೊದಲ ಬಸ್ಸಿನಿಂದ ಗಂಡ ಹೆಂಡತಿ ಇಬ್ಬರು ಇಳಿದು ನೇರವಾಗಿ ಸೊರಬ ಪೊಲೀಸ್ ಠಾಣೆಗೆ ನಡೆದರು. ಗಂಡನ ಕಂಕುಳಲ್ಲಿ ಗೋಣಿತಾಟಿನಲ್ಲಿ ಸುತ್ತಿದ ಒನಕೆಯಿತ್ತು. ಹೆಂಡತಿಯ ಎಡಗೈಗೆ ಮುಂಗೈಯಿಂದ ಮೊಣಕೈವರೆಗೂ ಬಟ್ಟೆ ಕಟ್ಟಿತ್ತು. ಅವನು ಒಳಗೆ ಬಂದ. ಅವಳು ಬಾಗಿಲ ಹೊರಗೇ ನಿಂತಳು. ಅವನು ತಿರುಗಿ ನೋಡಿ ತಲೆಯಾಡಿಸಿದ ಮೇಲೆ ಹೊಸ್ತಿಲು ದಾಟಿದಳು.

ಅವನು ಲೋಕಪ್ಪ, ಆನವಟ್ಟಿಯಲ್ಲಿ ಹಿಟ್ಟಿನ ಗಿರಣಿ ಇಟ್ಟವನು. ಹೆಂಡತಿ ಗುತ್ಯಮ್ಮ. ನಿನ್ನೆ ಮುಸ್ಸಂಜೆ ಕೆರೆ ಏರಿಯ ಮೇಲೆ ಅವಳು ಕಾಂಪೌಂಡರ್ ಶೇಷಪ್ಪನನ್ನು ಒನಕೆಯಿಂದ ಹೊಡೆದು ಕೊಂದಿದ್ದಾಳೆ ಎಂದು ಲೋಕಪ್ಪ ದೂರು ಕೊಟ್ಟ. ಇಬ್ಬರಿಗೂ ಸಂಬಂಧವಿತ್ತು, ಏನೋ ಮಾತಿಗೆ ಮಾತು ಬೆಳೆದಿದೆ, ಒನಕೆಯನ್ನು ತೊಳೆದಿಟ್ಟಿದ್ದಳು, ಕೇಳಿದಾಗ ಒಪ್ಪಿಕೊಂಡಳು ಎಂದ. ಸಬ್ ಇನ್ಸ್‌ಪೆಕ್ಟರ್ ಪರಮಶಿವಪ್ಪ ಎಫ್.ಐ.ಆರ್. ಬರೆಸುತ್ತಿದ್ದಾಗಲೇ ಆನವಟ್ಟಿಯ ತಳವಾರ ಸೈಕಲ್ಲಿನಲ್ಲಿ ಏದುಸಿರು ಬಿಡುತ್ತ ಬಂದ. ಏರಿಯ ಕೆಳಗೆ ಲಂಟಾನದ ಪೊದೆಯಲ್ಲಿ ಶೇಷಪ್ಪನ ಹೆಣ ಸಿಕ್ಕಿದೆಯೆಂದು ಪಟೇಲರು ಹೇಳಿಕಳಿಸಿದ್ದರು.

ಪರಮಶಿವಪ್ಪ ಹೆಂಡತಿಯನ್ನು ವಿಚಾರಿಸಿದ.

"ಹೊಡೆದದ್ದು ನೀನೇನಮ್ಮ?"

"ಹೌದ್ರೀ."

"ಯಾತರಿಂದ?"

ಅವಳು ಗಂಡನ ಮುಖ ನೋಡಿದಳು. "ಒನಕೇಲಿ ಸಾಹೇಬ್ರೆ," ಎಂದ ಲೋಕಪ್ಪ. ಪರಮಶಿವಪ್ಪ ಅವನನ್ನು ಹೊರಗಿನ ಬೆಂಚಿಗೆ ಕಳಿಸಿದ.

"ಎದುರಿಂದ ಹೊಡೆದೆಯಾ?"

"ಹೌದ್ರೀ."

"ಹಿಂದಿನಿಂದ ಅಂತ ಕಾಣುತ್ತಲ್ಲ?"

"ಹೌದ್ರೀ, ಹಿಂದಿನಿಂದ್ಲೇ."

"ಒನಕೆ ಅಲ್ಲ, ಕಲ್ಲಲ್ಲಿ ಹೊಡೆದದ್ದು ಅಂತಾರೆ."

"ಹೌದ್ರೀ. ಕಲ್ಲಲ್ಲಿ."

ಪರಮಶಿವಪ್ಪ ಪೆನ್ನು ಕೆಳಗಿಟ್ಟ. ಅದನ್ನು ಕಂಡು ಅವಳು ಹೆದರಿದಳು. "ಇನ್ನೇನ್ ಒಪ್ಕೋಬೇಕು ಹೇಳ್ರಿ," ಎಂದಳು ಮೆಲ್ಲಗೆ, "ಒಪ್ಕೋತೀನಿ."

ಅವಳನ್ನು ಸರ್ಕಾರಿ ಆಸ್ಪತ್ರೆಗೆ, ನರ್ಸ್ ರಾಜೇಶ್ವರಮ್ಮನ ಸುಪರ್ದಿಗೆ ಕಳಿಸಿ, ಪರಮಶಿವಪ್ಪ ದಫೇದಾರ್ ಮಾಸ್ತಪ್ಪನೊಂದಿಗೆ ಲೋಕಪ್ಪನನ್ನೂ ಕರೆದುಕೊಂಡು ಆನವಟ್ಟಿಗೆ ಹೊರಟ.

ಶೇಷಪ್ಪ ಬೋರಲಾಗಿ ಬಿದ್ದಿದ್ದ. ತಲೆಯ ಹಿಂಭಾಗದಲ್ಲಿ ಒಂದೇ ಪೆಟ್ಟು, ಆಳವಾದದ್ದು. ಡಿಸ್ಪೆನ್ಸರಿ ಮುಚ್ಚಿ ಮನೆಗೆ ಹೋಗುವ ದಾರಿ ಅದು. ಐವತ್ತು ದಾಟಿದ ವಿಧುರ, ಯಾರ ಗೊಡವೆಗೂ ಹೋಗದವನು ಎಂದು ಊರವರು ಹೇಳಿದರು. ಶವ ಪಂಚನಾಮೆ ಮುಗಿಸಿ ಹೆಣವನ್ನು ಗಾಡಿಯಲ್ಲಿ ಸೊರಬಕ್ಕೆ ಸಾಗಿಸಿದರು.

ಮಧ್ಯಾಹ್ನ ಇಬ್ಬರು ಪಂಚರನ್ನು ಕರೆದುಕೊಂಡು ಲೋಕಪ್ಪನ ಮನೆಗೆ ಹೋದರು. ಬೆಳಿಗ್ಗೆ ಅವನೇ ಹಾಕಿದ ಬೀಗವನ್ನು ಅವನ ಕೈಯಿಂದಲೇ ತೆಗೆಸಿದರು. ಬಾಗಿಲು ತೆರೆದೊಡನೆ ಮಾಸ್ತಪ್ಪ ಒಳಗೆ ಇಡಲಿದ್ದ ಕಾಲನ್ನು ಹಿಂದಕ್ಕೆ ತೆಗೆದುಕೊಂಡ. ಹೊಸ್ತಿಲ ಒಳಗೆ, ಕಾಲಿಡದೆ ಯಾರೂ ದಾಟಲಾಗದಷ್ಟು ಅಗಲಕ್ಕೆ, ಅಕ್ಕಿಹಿಟ್ಟನ್ನು ತೆಳ್ಳಗೆ ಜರಡಿ ಹಿಡಿದು ಚೆಲ್ಲಲಾಗಿತ್ತು. ಅದರ ಮೇಲೆ ಹೆಜ್ಜೆಗಳಿದ್ದವು.

"ಇದೇನು?" ಎಂದು ಪರಮಶಿವಪ್ಪ ಕೇಳಿದ.

ಗಿರಣಿಯಿಂದ ಬಂದವನ ಮೈಮೇಲಿನ ಹಿಟ್ಟು ಉದುರಿದ್ದು ಎಂದ ಲೋಕಪ್ಪ. ಆದರೆ ಅವನ ಮುಖದ ಬಣ್ಣ ಬದಲಾಗಿತ್ತು. ಬೆಳಗಿನ ಜಾವದ ಕತ್ತಲಲ್ಲಿ ಬಸ್ಸಿಗೆ ಅವಸರಪಟ್ಟು ಹೊರಟವನಿಗೆ ನೆಲದ ನೆನಪಾಗಿರಲಿಲ್ಲ.

ಪಕ್ಕದ ಮನೆಯ ಉಚ್ಚಂಗಮ್ಮ ಎಂಬ ಮುದುಕಿಯನ್ನು ವಿಚಾರಿಸಿದಾಗ ಅವಳು ಮೊದಲು ಏನೂ ಗೊತ್ತಿಲ್ಲ ಎಂದಳು. ಲೋಕಪ್ಪನನ್ನು ಬೀದಿಯ ಆಚೆಗೆ ಕಳಿಸಿದ ಮೇಲೆ ಬಾಯಿಬಿಟ್ಟಳು. "ಅವ್ಳ ಕಾಲಿನ ಗುರುತು ನೋಡಕ್ಕೆ ಕಣಪ್ಪ. ಬೀಗ ಹಾಕಿದ್ರೆ ಊರವ್ರು ನಗ್ತಾರೆ ಅಂತ ದಿನಾ ಬೆಳಿಗ್ಗೆ ಗಿರಣಿಗೆ ಹೋಗೋವಾಗ ಹಿಟ್ಟು ಹಾಕ್ತಾನೆ. ಮದ್ವೆ ಆದಾಗಿಂದ ಹಿಂಗೇ. ಮೊದ್ಲು ಅವ್ಳು ಗೋಡೆ ಮೇಲಿಂದ ನನ್ ಹತ್ರ ಮಾತಾಡೋಳು, ಹಾಡೋಳು. ಈಗ ಕರೆದ್ರೆ ಓಗೊಡಲ್ಲ." ಹಿತ್ತಿಲಿನ ಗೋಡೆಯನ್ನು ಅವನು ಹೋದ ವರ್ಷ ಆಳೆತ್ತರ ಏರಿಸಿ ಮೇಲೆ ಗಾಜಿನ ಚೂರು ನೆಡಿಸಿದ್ದನ್ನೂ ಅವಳು ತೋರಿಸಿದಳು. ಸೋಮವಾರ ಸಂಜೆ ಲೋಕಪ್ಪ ಬರುವವರೆಗೂ ಒಳಗೆ ಪಾತ್ರೆ ತೊಳೆಯುವ ಸದ್ದು ಕೇಳಿದ್ದಳಂತೆ.

ಪರಮಶಿವಪ್ಪ ಪಂಚರನ್ನು ಹೊಸ್ತಿಲ ಬಳಿ ಕೂರಿಸಿ ಹೆಜ್ಜೆಗಳನ್ನು ಓದಿಸಿದ. ಗಂಡಸಿನ ಚಪ್ಪಲಿ ಒಳಗೆ ಬಂದಿತ್ತು. ಅದೇ ಚಪ್ಪಲಿ ಹೊರಗೆ ಹೋಗಿತ್ತು, ಜೊತೆಗೆ ಹೆಂಗಸಿನ ಬರಿಗಾಲು ಹೊರಗೆ ಹೋಗಿತ್ತು. ಹೆಂಗಸು ಒಳಗೆ ಬಂದ ಗುರುತು ಒಂದೂ ಇರಲಿಲ್ಲ.

"ಕೆರೆ ಏರಿಗೆ ಹೋಗಿದ್ರೆ ಇವ್ಳು ವಾಪಸ್ ಮನೆಗೆ ಹೆಂಗ್ ಬಂದ್ಲು?" ಎಂದ ಮಾಸ್ತಪ್ಪ. ಪಂಚನಾಮೆಗೆ ಇಬ್ಬರು ಪಂಚರೂ ಸಹಿ ಹಾಕಿದರು. ಮನೆಗೆ ಮೊಹರು ಬಿತ್ತು. ಲೋಕಪ್ಪ ಗಿರಣಿಯಲ್ಲೇ ಇರುತ್ತೇನೆಂದ. ಪರಮಶಿವಪ್ಪ ಅಲ್ಲಿ ಒಬ್ಬ ಕಾನ್‌ಸ್ಟೇಬಲ್‌ನನ್ನು ಕಾವಲಿಟ್ಟ.

ಮರುದಿನ ಬೆಳಿಗ್ಗೆ ಆಸ್ಪತ್ರೆಯಲ್ಲಿ ಮರಣೋತ್ತರ ಪರೀಕ್ಷೆಯ ವರದಿ ಸಿಕ್ಕಿತು. ಪೆಟ್ಟು ಕಬ್ಬಿಣದ್ದು, ಒನಕೆಯದಲ್ಲ ಎಂದು ಡಾಕ್ಟರು ಹೇಳಿದರು. ಗಾಯದ ಸುತ್ತಲಿನ ಕೂದಲಲ್ಲಿ ಕರಿಯ ಗ್ರೀಸ್ ಮೆತ್ತಿಕೊಂಡಿತ್ತು.

ಅಲ್ಲಿಂದ ಪರಮಶಿವಪ್ಪ ಗುತ್ಯಮ್ಮನಿದ್ದ ಕೋಣೆಗೆ ಹೋದ. ರಾಜೇಶ್ವರಮ್ಮ ಅವನನ್ನು ಬಾಗಿಲಲ್ಲೇ ತಡೆದು ವರಾಂಡಕ್ಕೆ ಕರೆದುಕೊಂಡು ಹೋದಳು. ಕೈಯದು ಸುಟ್ಟ ಗಾಯ, ಕಾದ ಸಟ್ಟುಗದ್ದು, ಬೆನ್ನ ಮೇಲೆ ಹಳೆಯವು ಎಷ್ಟೋ ಇವೆ ಎಂದಳು. ರಾಜೇಶ್ವರಮ್ಮನನ್ನು ಹೆಚ್ಚು ಚಿಂತೆಗೆ ಹಚ್ಚಿದ್ದು ಅದಲ್ಲ. ಗುತ್ಯಮ್ಮ ನೀರು ಕುಡಿಯಲೂ ಅಪ್ಪಣೆ ಕೇಳುತ್ತಿದ್ದಳು. ಆಸ್ಪತ್ರೆಯ ಹಿಂದಿನ ಅಕ್ಕಿ ಗಿರಣಿಯ ಇಂಜಿನ್ ಓಡುವಷ್ಟು ಹೊತ್ತು ಗೋಡೆಗೊರಗಿ ನಿದ್ದೆ ಮಾಡಿದ್ದಳು. ಇಂಜಿನ್ ನಿಂತ ತಕ್ಷಣ ಎದ್ದು, ಸೆರಗು ಹೊದ್ದು ಮೂಲೆಯಲ್ಲಿ ನಿಂತಿದ್ದಳು.

"ಇಂಜಿನ್ ನಿಂತ್ರೆ ಅವ್ನು ಮನೆಗೆ ಬರ್ತಾನೆ ಅಂತ ಲೆಕ್ಕ," ಎಂದಳು ರಾಜೇಶ್ವರಮ್ಮ. "ಬಂದವ್ನು ಕೂರಿಸ್ಕೊಂಡು ವಿಚಾರಣೆ ಮಾಡ್ತಿದ್ನಂತೆ. ಯಾರು ಬಂದಿದ್ರು, ಯಾರನ್ನ ನೋಡ್ದೆ. ಇಲ್ಲ ಅಂದಷ್ಟೂ ಹೊಡೆತ. ಹೌದು ಅಂದ್ರೆ ಎರಡು ಹೊಡೆದು ಬಿಡ್ತಿದ್ನಂತೆ. ನೀವು ಕೇಳೋ ಹಾಗೇ ಕೇಳ್ತಿದ್ದ ಸಾಹೇಬ್ರೆ."

ಗುತ್ಯಮ್ಮನನ್ನು ಇನ್ನು ತಾನು ಏನೂ ಕೇಳುವುದಿಲ್ಲ ಎಂದು ಹೇಳಿ ಪರಮಶಿವಪ್ಪ ಹೊರಟ.

ಆನವಟ್ಟಿಯ ಗಿರಣಿಯ ಮುಂದೆ ಜೋಳ, ಅಕ್ಕಿಯ ಡಬ್ಬಗಳನ್ನಿಟ್ಟುಕೊಂಡು ಹೆಂಗಸರು ಕೂತಿದ್ದರು. ನಿನ್ನೆಯಿಂದ ಇಂಜಿನ್ ಕೆಟ್ಟಿದೆಯಂತೆ ಎಂದು ಗೊಣಗುತ್ತಿದ್ದರು.

"ಏನಾಗಿದೆ ಇಂಜಿನ್‌ಗೆ?" ಎಂದು ಪರಮಶಿವಪ್ಪ ಲೋಕಪ್ಪನನ್ನು ಕೇಳಿದ.

"ಸ್ಟಾರ್ಟ್ ಆಗ್ತಿಲ್ರೀ."

"ಸ್ಟಾರ್ಟ್ ಮಾಡಿ ತೋರಿಸು."

ಲೋಕಪ್ಪ ಕದಲಲಿಲ್ಲ. ಮಾಸ್ತಪ್ಪ ಇಂಜಿನ್ನಿನ ಸುತ್ತ ಒಂದು ಸುತ್ತು ಬಂದ. ಇಂಜಿನ್ ತಿರುಗಿಸಿ ಸ್ಟಾರ್ಟ್ ಮಾಡಲು ಹ್ಯಾಂಡಲ್ ಸಿಕ್ಕಿಸುವ ಗೂಟದ ಮೇಲೆ ಗ್ರೀಸ್ ಇತ್ತು, ಹ್ಯಾಂಡಲ್ ಇರಲಿಲ್ಲ. ಎಲ್ಲಿ ಎಂದು ಕೇಳಿದ್ದಕ್ಕೆ ರಿಪೇರಿಗೆ ಕೊಟ್ಟಿದ್ದೇನೆ ಎಂದ. ಇಂಜಿನ್ನನ್ನು ತಂಪು ಮಾಡುವ ನೀರಿನ ತೊಟ್ಟಿ ಪಕ್ಕದಲ್ಲೇ ಇತ್ತು. ಮಾಸ್ತಪ್ಪ ತೋಳೇರಿಸಿ ಕೈ ಇಳಿಬಿಟ್ಟು ತಳವನ್ನೆಲ್ಲ ತಡಕಿದ. ಹೊರಗೆ ತೆಗೆದಾಗ ಅವನ ಕೈಯಲ್ಲಿ ಮೊಳಕ್ಕೂ ಉದ್ದದ ಕಬ್ಬಿಣದ ಹ್ಯಾಂಡಲ್ ಇತ್ತು. ಅದರ ಸಂದಿನ ಗ್ರೀಸಿನಲ್ಲಿ ನರೆಗೂದಲು ಅಂಟಿಕೊಂಡಿದ್ದವು.

ಪಂಚರ ಸಮಕ್ಷಮ ಜಪ್ತಿಯಾಯಿತು. ಹನ್ನೆರಡನೇ ತಾರೀಖು ಮಧ್ಯಾಹ್ನ ಲೋಕಪ್ಪನನ್ನು ದಸ್ತಗಿರಿ ಮಾಡಿದರು. ಅವನು ಪ್ರತಿಭಟಿಸಲಿಲ್ಲ. ಹೆಂಗಸರು ತಮ್ಮ ತಮ್ಮ ಡಬ್ಬ ಎತ್ತಿಕೊಂಡು ಚದುರಿದರು.

ಗುತ್ಯಮ್ಮನಿಗೆ ಈ ಸುದ್ದಿಯನ್ನು ರಾಜೇಶ್ವರಮ್ಮನೇ ತಿಳಿಸಿದಳು. ಅವಳು ಅಳಲಿಲ್ಲ, ಸಮಾಧಾನವನ್ನೂ ಪಡಲಿಲ್ಲ. "ನಾನು ಸರಿಯಾಗಿ ಹೇಳ್ಲಿಲ್ವಾ?" ಎಂದು ಕೇಳಿದಳು. ಅವಳ ತಾಯಿ ಹುಲಿಯಮ್ಮ ತೊಗರ್ಸಿಯಿಂದ ಬಂದಿದ್ದಳು. ಮದುವೆಯಾದ ಮೇಲೆ ಮಗಳ ಮುಖ ಕಂಡದ್ದು ಎರಡೇ ಸಲ, ಅದೂ ಅಳಿಯನ ಎದುರಿಗೆ. ಮಗಳು ತನ್ನನ್ನೂ ಏನೋ ಅಪ್ಪಣೆಗೆ ಕಾಯುವವಳಂತೆ ನೋಡುತ್ತಿದ್ದಾಳೆ, ಇದು ವಾಸಿಯಾಗುತ್ತದೆಯೇ ಎಂದು ಡಾಕ್ಟರನ್ನು ಕೇಳಿದಳು. ಕೈ ಬೇಗ ವಾಸಿಯಾಗುತ್ತದೆ, ಉಳಿದದ್ದಕ್ಕೆ ತುಂಬ ದಿನ ಬೇಕು, ಯಾರೂ ಅವಳಿಗೆ ಪ್ರಶ್ನೆ ಕೇಳದೆ ಇರಲಿ ಎಂದರು ಡಾಕ್ಟರು. ಪರಮಶಿವಪ್ಪ ಸಾಕ್ಷಿಗಳ ಪಟ್ಟಿಯಿಂದ ಅವಳ ಹೆಸರನ್ನು ಬಿಟ್ಟ. ಹ್ಯಾಂಡಲ್, ಹಿಟ್ಟಿನ ಪಂಚನಾಮೆ, ಉಚ್ಚಂಗಮ್ಮನ ಹೇಳಿಕೆ ಸಾಕಾಗಿದ್ದವು.

ಗುರುವಾರ ಆರೋಪಿಯನ್ನು ಶಿಕಾರಿಪುರದ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಲು ಬಸ್ಸಿನಲ್ಲಿ ಕರೆದೊಯ್ದರು. ಹಿಂದಿನ ಸೀಟಿನಲ್ಲಿ ಪರಮಶಿವಪ್ಪ ಮತ್ತು ಮಾಸ್ತಪ್ಪನ ನಡುವೆ ಲೋಕಪ್ಪ ಕೂತಿದ್ದ. ಅರ್ಧ ದಾರಿ ಕಳೆದ ಮೇಲೆ ಯಾರೂ ಕೇಳದೆ ತಾನೇ ಮಾತಾಡಿದ.

ಕೈ ಕೀವಾಗಿ ಅಡಿಗೆ ನಿಂತುಹೋದದ್ದರಿಂದ, ಕೊಲೆಗೆ ಎರಡು ದಿನ ಮೊದಲು ಅವನೇ ಅವಳನ್ನು ಡಿಸ್ಪೆನ್ಸರಿಗೆ ಕರೆದೊಯ್ದಿದ್ದ. ಬಾಗಿಲಲ್ಲಿ ನಿಂತು ನೋಡುತ್ತಿದ್ದ. ಶೇಷಪ್ಪ ಗಾಯ ತೊಳೆಯುತ್ತ, ನೋಯುತ್ತದೇನಮ್ಮ ಎಂದು ಕೇಳಿದ. ಅಷ್ಟಕ್ಕೇ ಅವಳ ಕಣ್ಣಲ್ಲಿ ನೀರು ಬಂತು.

"ಎಂಟು ವರ್ಷದಾಗೆ ನನ್ನೆದ್ರು ಒಂದ್ಸಲನೂ ಅತ್ತಿಲ್ರೀ ಅವ್ಳು," ಎಂದ ಲೋಕಪ್ಪ. "ಏನ್ ಮಾಡಿದ್ರೂ ಅಳ್ಲಿಲ್ಲ. ಅವ್ನೆದ್ರು ಅತ್ಲು. ನಂಗೆ ಕೊಡದಿದ್ದನ್ನ ಅವ್ನಿಗೆ ಕೊಟ್ಲು."

ಪರಮಶಿವಪ್ಪ ಕಿಟಕಿಯ ಹೊರಗೆ ನೋಡುತ್ತಿದ್ದ. ಕುಯ್ದ ಗದ್ದೆಗಳಲ್ಲಿ ಕುರಿಗಳು ಮೇಯುತ್ತಿದ್ದವು. ಲೋಕಪ್ಪ ಬೇಡಿ ಹಾಕಿದ ಕೈಗಳನ್ನು ಒತ್ತಿಕೊಳ್ಳುತ್ತ ಮಾಸ್ತಪ್ಪನ ಕಡೆಗೆ ತಿರುಗಿದ.

"ಈಗ ಅವ್ಳ ಕೈಗೆ ಬಟ್ಟೆ ಕಟ್ಟೋರು ಯಾರು?"

"ನರ್ಸಮ್ಮ," ಎಂದ ಮಾಸ್ತಪ್ಪ.

"ಹೆಂಗಸೇ ತಾನೆ?"

"ಹೌದು."

ಲೋಕಪ್ಪ ಉಸಿರು ಬಿಟ್ಟು ಸೀಟಿಗೆ ಒರಗಿದ. ಶಿಕಾರಿಪುರ ಬರುವವರೆಗೂ ಅವನು ನೆಮ್ಮದಿಯಿಂದ ನಿದ್ದೆ ಮಾಡಿದ.